ಸೂರ್ಯನಿಗೆ ಬೆನ್ನು ಮಾಡಿ

ಹೈದರಾಬಾದಿನ ಸೂರ್ಯೋದಯದ ಚಿತ್ರಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ಗಚ್ಚಿಬೌಲಿಯ ಯಾವುದೋ ಬಹುಮಹಡಿ ಕಟ್ಟಡದ ತಾರಸಿಯಿಂದ ತೆಗೆದವು: ಕೇಸರಿ ಬಾನು, ಕೆಂಪು ಬಿಂಬ, ಅದರ ಮುಂದೆ ಕಪ್ಪಾಗಿ ನಿಂತ ಕಟ್ಟಡಗಳ ಸಾಲು. ನೋಡಲು ಸೊಗಸೇ. ಆದರೆ ಕೆಳಗೆ ಊರಿನ ಹೆಸರು ಬರೆಯದಿದ್ದರೆ ಅದು ಪುಣೆಯೋ ದುಬೈಯೋ ಎಂದು ತಿಳಿಯದು. ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಹಿಡಿದಾಗ ಕಟ್ಟಡಗಳು ಬರಿಯ ಕರಿಯ ಆಕಾರಗಳಾಗುತ್ತವೆ; ಅವುಗಳ ಸುಣ್ಣ, ಕಲ್ಲು, ಕಿಟಕಿ, ವಯಸ್ಸು ಯಾವುದೂ ಉಳಿಯುವುದಿಲ್ಲ. ಈ ನಗರವನ್ನು ಚಿತ್ರಿಸುವವರು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಕಾಚಿಗುಡದ ಮಾಳಿಗೆಯೊಂದರ ಮೇಲೆ ನಾವು ಹಾಗೆ ನಿಂತು ನೋಡಿದ್ದೇವೆ. (ಬೀದರ, ಕಲಬುರಗಿಗಳ ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ತಾರಸಿಗೆ ಇಂದಿಗೂ ಮಾಳಿಗೆಯೆಂದೇ ಹೆಸರು. ಬೇಸಿಗೆಯ ರಾತ್ರಿ ಹಾಸಿಗೆಗಳೆಲ್ಲ ಮೇಲೆ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಅಪಾರ್ಟ್‌ಮೆಂಟಿನ ಮಾಳಿಗೆಗೆ ಬೀಗ, ಅದರ ಕೀಲಿ ವಾಚ್‌ಮನ್ ಬಳಿ.) ಮೂಸಿ ನದಿ, ಅದರ ದಂಡೆಯ ಉಸ್ಮಾನಿಯಾ ಆಸ್ಪತ್ರೆ, ಹೈಕೋರ್ಟು, ಆಚೆ ಚಾರ್‌ಮಿನಾರ್ ಎಲ್ಲವೂ ಇಲ್ಲಿಂದ ನೈಋತ್ಯದ ಕಡೆಗೆ. ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟುವುದರಿಂದ ಬೆಳಕು ಅವುಗಳ ಪಕ್ಕೆಗಷ್ಟೇ ತಗಲುತ್ತದೆ, ಮಂಜೂ ಮುಸುಕಿರುತ್ತದೆ. ಮೇ ತಿಂಗಳಲ್ಲಿ ಈಶಾನ್ಯಕ್ಕೆ ವಾಲಿದ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಆ ಗುಮ್ಮಟಗಳ ಮೇಲೆ ಬೆಳಕು ಚೆಲ್ಲುತ್ತಾನೆ. ಹೊಸ ಕಟ್ಟಡಗಳ ಸಂದಿನಲ್ಲಿ ಕಂಡಷ್ಟೇ ಕಾಣುವುದು, ಆದರೆ ಕಂಡದ್ದು ಹೈದರಾಬಾದೇ. ದೂರದ ಪಶ್ಚಿಮದ ಗಾಜಿನ ಗೋಪುರಗಳೂ ಅದೇ ಬೆಳಕಿನಲ್ಲಿ ಮಿನುಗುತ್ತವೆ. ಅವುಗಳ ಮೇಲೆ ನಮಗೆ ಮುನಿಸಿಲ್ಲ.

ಇದು ರುಚಿಯ ಮಾತಷ್ಟೇ ಅಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ಆ ಪ್ರವಾಹದ ತರುವಾಯವೇ ನಮ್ಮ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿಕೊಂಡದ್ದು. ಅದಕ್ಕೆ ಮೊದಲಿನ ನಗರ ಹೇಗಿತ್ತೆಂದು ಇಂದು ಬಲ್ಲೆವಾದರೆ ಅದರಲ್ಲಿ ಬಹುಪಾಲು ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಗಾಜಿನ ಫಲಕಗಳ ಉಪಕಾರ. ಅವರು 1905ರಲ್ಲಿ ತೀರಿಕೊಂಡರು. ತಾವು ತೆಗೆದ ಊರು ಹಾಗೆ ಕೊಚ್ಚಿಹೋಗಲಿದೆಯೆಂಬುದನ್ನು ಅವರೇನು ಕಂಡಿದ್ದರೆ?

ಪ್ರವಾಹದ ನಂತರ, ವಿನ್ಸೆಂಟ್ ಎಶ್ ವಿನ್ಯಾಸದಲ್ಲಿ, ನದಿಯ ಒಂದು ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆಯೂ ಇನ್ನೊಂದರಲ್ಲಿ ಹೈಕೋರ್ಟೂ ಎದ್ದವು. ಆಸ್ಪತ್ರೆಯ ಆ ಹಳೆಯ ಕಟ್ಟಡವನ್ನು ಕೆಡವುವ ಮಾತು 2015ರಲ್ಲಿ ಎದ್ದು, ಜನರ ವಿರೋಧದಿಂದ ನಿಂತಿತು. 2020ರ ಮಳೆಗಾಲದಲ್ಲಿ ಒಳಗೆ ನೀರು ನುಗ್ಗಿದ ಮೇಲೆ ರೋಗಿಗಳನ್ನು ಅಲ್ಲಿಂದ ಸ್ಥಳಾಂತರಿಸಲಾಯಿತು. ಹತ್ತಿರದಿಂದ ತೆಗೆದ ಅದರ ಚಿತ್ರಗಳು ಎಷ್ಟೋ ಇವೆ. ಆದರೆ ಜನರ ಮನೆಯ ಮಾಳಿಗೆಯಿಂದ, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕುಗಳ ನಡುವೆ, ನಿತ್ಯದ ನೋಟವಾಗಿ ಅದು ಹೇಗಿತ್ತೆಂಬುದನ್ನು ಅಲ್ಲಿ ವಾಸವಿದ್ದವರಲ್ಲದೆ ಮತ್ತಾರು ತೋರಿಸಬಲ್ಲರು?

ಟ್ಯಾಂಕುಗಳು ಅಂದಗೆಡಿಸುತ್ತವೆಂದು ಗೆಳೆಯರೊಬ್ಬರು ಅವನ್ನು ಚಿತ್ರದಿಂದ ಕತ್ತರಿಸಿದರು. ಕತ್ತರಿಸಬೇಡಿರೆಂದು ನಾವು ವಾದಿಸಿದೆವು, ಇನ್ನೂ ವಾದಿಸುತ್ತಿದ್ದೇವೆ.

ಮೇ ತಿಂಗಳಲ್ಲಿ ಇಲ್ಲಿ ಸೂರ್ಯೋದಯ ಐದೂಮುಕ್ಕಾಲರ ಸುಮಾರಿಗೆ. ಅರ್ಧ ಗಂಟೆಯಲ್ಲಿ ಬೆಳಕಿನ ಹೊನ್ನು ಕಳೆದು ಬಿಳುಪೇರುತ್ತದೆ. ವಾಚ್‌ಮನ್ ಏಳುವುದು ಆರಕ್ಕಾದ್ದರಿಂದ ಕೀಲಿಯನ್ನು ಹಿಂದಿನ ರಾತ್ರಿಯೇ ಕೇಳಿ ಪಡೆಯಿರಿ. ತೆಗೆದ ಚಿತ್ರದೊಡನೆ ತಾರೀಖನ್ನೂ ಮಾಳಿಗೆ ಯಾವ ಬೀದಿಯದೆಂಬುದನ್ನೂ ಬರೆದಿಡಿ.