ಹಸು ಸತ್ತರೆ ಸಾಲ ಸಾಯುವುದಿಲ್ಲ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಎಂದು ಬರೆಯುವವನು. ಈ ಸಲ ಸಿಬಿಲ್ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೂ ಸಿಬಿಲ್‌ಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಅದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ನನ್ನ ವ್ಯಾಪ್ತಿಯ ಸಂಘವೊಂದರ ಸದಸ್ಯೆ ಐದು ವರ್ಷದ ಹಿಂದೆ ಬ್ಯಾಂಕಿನಲ್ಲಿ 70,000 ರೂಪಾಯಿ ಸಾಲ ಮಾಡಿ ಎಚ್‌ಎಫ್ ಮಿಶ್ರತಳಿ ಹಸು ತಂದಿದ್ದರು. ಎರಡನೇ ಕರು ಹಾಕಿದ ಮೇಲೆ ಥೈಲೇರಿಯಾ ಬಂದು ಹಸು ಹೋಯಿತು. ಮರಣೋತ್ತರ ಪರೀಕ್ಷೆ ಮಾಡಿದವನು ನಾನೇ. ಕೊಟ್ಟಿಗೆ ಮುಂದೆ ಕೂತು ಅಳುತ್ತಿದ್ದವರಿಗೆ ಸಮಾಧಾನವಾಗಲಿ ಎಂದು, "ವಿಮೆ ಇದೆಯಲ್ಲ ಅಕ್ಕ, ಸಾಲ ತೀರಿಹೋಗುತ್ತೆ ಬಿಡಿ" ಎಂದುಬಿಟ್ಟೆ. ಆಮೇಲೆ ಕೆಲಸದ ಒತ್ತಡದಲ್ಲಿ ವರದಿ ಕೊಟ್ಟದ್ದೂ ಎಂಟು ದಿನ ತಡವಾಗಿ.

ವಿಮೆಯ ಹಣ ಬಂತು. ಆದರೆ ಆರು ತಿಂಗಳ ನಂತರ, 50,000 ರೂಪಾಯಿ, ನೇರವಾಗಿ ಸಾಲದ ಖಾತೆಗೆ. ಅಷ್ಟರಲ್ಲಿ ಬಡ್ಡಿ ಬೆಳೆದು, ವಿಮೆ ಕಳೆದೂ ಎಂಟು ಸಾವಿರದಷ್ಟು ಬಾಕಿ ಉಳಿದಿತ್ತು. ಅವರಿಗೆ ಅದು ಗೊತ್ತೇ ಇಲ್ಲ. ಹಸುವೂ ಹೋಯಿತು, ಸಾಲವೂ ಹೋಯಿತು ಎಂದುಕೊಂಡಿದ್ದರು. ಈ ವರ್ಷ ಮತ್ತೆರಡು ರಾಸು ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಅರ್ಜಿ ವಾಪಸು ಕೊಟ್ಟರು. "ಡಾಕ್ಟ್ರೇ, ಸಾಲ ತೀರ್ತು ಅಂತ ನೀವೇ ಹೇಳಿದ್ರಲ್ಲ" ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ತಾಲ್ಲೂಕು ಕೇಂದ್ರದ ಒಬ್ಬ ಮಧ್ಯವರ್ತಿ, ಎಂಟು ಸಾವಿರ ಕೊಟ್ಟರೆ ಹದಿನೈದು ದಿನದಲ್ಲಿ ಸಿಬಿಲ್‌ನಿಂದ ಎಲ್ಲ ಅಳಿಸಿ ಕೊಡುತ್ತೇನೆ ಎಂದಿದ್ದನಂತೆ. ಅವರು ಕಿವಿಯ ಓಲೆ ಅಡವಿಡಲು ಹೊರಟಿದ್ದರು. ಒಂದು ವಾರ ತಡೆಯಿರಿ ಎಂದು ನಿಲ್ಲಿಸಿ, ಸಂಘದ ಕಾರ್ಯದರ್ಶಿಯ ಮಗನ ಜೊತೆ ಕೂತು ವರದಿ ತೆಗೆಸಿದೆ. ವರದಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ನಾವು ಎಲ್ಲಕ್ಕೂ ಸಿಬಿಲ್ ಎನ್ನುತ್ತೇವೆ. ಆದರೆ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ರಿಸರ್ವ್ ಬ್ಯಾಂಕ್ ನಿಯಮದಂತೆ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ಇಲ್ಲದ ಸಾಲ ಇನ್ನೊಂದರಲ್ಲಿ ಇರಬಹುದು, ಆದ್ದರಿಂದ ನಾಲ್ಕನ್ನೂ ನೋಡುವುದು ಒಳ್ಳೆಯದು.

ಅವರ ವರದಿಯಲ್ಲಿ ಎರಡು ಕೆಟ್ಟ ಖಾತೆ ಇದ್ದವು. ಒಂದು ಹಸುವಿನ ಸಾಲ, ಅದರ ಮುಂದೆ 'ರಿಟನ್ ಆಫ್' ಎಂದಿತ್ತು. ಇನ್ನೊಂದು ಮೈಕ್ರೋಫೈನಾನ್ಸ್ ಸಾಲ, ಅವರು ಆ ಕಂಪನಿಯ ಮುಖವನ್ನೇ ನೋಡಿಲ್ಲ. ಅದು ಪಕ್ಕದ ಬೀದಿಯ, ಅದೇ ಹೆಸರಿನ ಇನ್ನೊಬ್ಬರದು. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನವರು ನಾಲ್ಕು ಜನ, ಆಧಾರ್‌ನಲ್ಲಿ ಹುಟ್ಟಿದ ದಿನ ಅರ್ಧ ಊರಿಗೆ ಜನವರಿ 1. ನಮ್ಮ ರಾಸುಗಳೇ ವಾಸಿ, ಕಿವಿಯಲ್ಲಿ 12 ಅಂಕಿಯ ನಂಬರಾದರೂ ಬೇರೆ ಬೇರೆ ಇರುತ್ತದೆ!

ತಪ್ಪು ನಮೂದು ಮತ್ತು ನಿಜವಾದ ನಮೂದು, ಈ ಎರಡರ ದಾರಿ ಬೇರೆ ಬೇರೆ. ಮಧ್ಯವರ್ತಿ ಎರಡನ್ನೂ ಒಂದೇ ಎಂಬಂತೆ ಹೇಳಿ ದುಡ್ಡು ಕೇಳುತ್ತಾನೆ.

ತಪ್ಪಾಗಿ ಸೇರಿದ ಖಾತೆಯನ್ನು ತೆಗೆಸುವುದು ನಿಮ್ಮ ಹಕ್ಕು. ವರದಿ ಕೊಟ್ಟ ಕಂಪನಿಗೇ ತಕರಾರು ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ. ಕಂಪನಿ ತಾನಾಗಿಯೇ ಏನನ್ನೂ ಅಳಿಸುವುದಿಲ್ಲ, ಸಾಲ ಕೊಟ್ಟ ಸಂಸ್ಥೆಯನ್ನು ಕೇಳಿ ಅದು ಒಪ್ಪಿದ ಮೇಲೆ ಬದಲಿಸುತ್ತದೆ. ಆದ್ದರಿಂದ ಆಧಾರ್, ಪಾನ್ ಪ್ರತಿಯೊಂದಿಗೆ ಆ ಸಂಸ್ಥೆಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲ್ಲ ಸೇರಿ 30 ದಿನದೊಳಗೆ ಮುಗಿಯಬೇಕು. ಮುಗಿಯದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದೂ ಉಚಿತ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಮ್ಮ ಅಕ್ಕನ ಮೈಕ್ರೋಫೈನಾನ್ಸ್ ಖಾತೆ 26ನೇ ದಿನಕ್ಕೆ ವರದಿಯಿಂದ ಹೋಯಿತು.

ಹಸುವಿನ ಸಾಲದ ವಿಷಯ ಹಾಗಲ್ಲ. ಅದು ನಿಜವಾದ ಬಾಕಿ. ಅದನ್ನು ಯಾರೂ ಅಳಿಸಲಾರರು, ಅಳಿಸುತ್ತೇನೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 'ರಿಟನ್ ಆಫ್' ಎಂದರೆ ಮನ್ನಾ ಅಲ್ಲ. ನಮ್ಮ ಜನ ಹಾಗೆ ತಿಳಿಯುತ್ತಾರೆ, ಕೌಂಟರಿನಲ್ಲಿ ಕೂತವರೂ ಕೆಲವೊಮ್ಮೆ ಹಾಗೇ ಹೇಳಿಬಿಡುತ್ತಾರೆ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಲ್ಲಿ ಆ ಸಾಲವನ್ನು ನಷ್ಟಕ್ಕೆ ಬರೆದುಕೊಂಡಿದೆ, ಅಷ್ಟೆ. ನೀವು ಕೊಡಬೇಕಾದದ್ದು ಹಾಗೇ ಇರುತ್ತದೆ, ವಸೂಲಿಗೆ ಬರುವ ಹಕ್ಕೂ ಅವರಿಗೆ ಇರುತ್ತದೆ.

ಬ್ಯಾಂಕಿಗೆ ಹೋದಾಗ ಬಾಕಿ 13,600 ಆಗಿತ್ತು. ಏಳು ಸಾವಿರ ಕಟ್ಟಿ, ಒಟಿಎಸ್‌ನಲ್ಲಿ ಮುಗಿಸೋಣ ಎಂದರು. ಕೇಳಲು ಲಾಭವೇ. ಆದರೆ ಹಾಗೆ ಮುಗಿಸಿದರೆ ವರದಿಯಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ. ಪೂರ್ತಿ ಕಟ್ಟಿಲ್ಲ, ರಾಜಿಯಾಗಿದ್ದಾರೆ ಎಂದು ಅದರ ಅರ್ಥ. ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುತ್ತಾರೆ. ದುಡಿಯಲು ಆಗದವರು, ಇನ್ನು ಸಾಲವೇ ಬೇಡ ಎನ್ನುವವರು ಒಟಿಎಸ್ ಮಾಡಿಕೊಂಡರೆ ನಾನು ಬೇಡ ಎನ್ನುವುದಿಲ್ಲ. ಇನ್ನೂ ಹತ್ತು ವರ್ಷ ಹೈನುಗಾರಿಕೆ ಮಾಡುವವರು ಪೂರ್ತಿ ಕಟ್ಟಿ ಖಾತೆ 'ಕ್ಲೋಸ್ಡ್' ಮಾಡಿಸುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೂ ಹಳೆಯ ಸುಸ್ತಿಯ ಗುರುತು ಕೆಲವು ವರ್ಷ ವರದಿಯಲ್ಲಿ ಉಳಿಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಬಾಕಿ ಇರುವುದಕ್ಕಿಂತ, ತಡವಾಗಿ ಆದರೂ ಕಟ್ಟಿದ್ದಾರೆ ಎಂದಿರುವುದು ಎಷ್ಟೋ ವಾಸಿ.

ಅವರು ಹಾಲಿನ ಬಟವಾಡೆಯಿಂದ ಮೂರು ಸಲವಾಗಿ ಕಟ್ಟಿದರು. ಕಟ್ಟಿದ್ದು ಸಾಲದ ಖಾತೆಗೆ, ರಸೀದಿ ಪಡೆದು. ಮನೆಗೆ ಬಂದ ವಸೂಲಿಗಾರನ ಕೈಗೆ ಅಲ್ಲ. ಈ ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಟ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ನಮ್ಮವರು ಐದು ಗಂಟೆಗೇ ಹಾಲು ಕರೆಯಲು ಎದ್ದಿರುತ್ತಾರೆಂದು ಗೊತ್ತಿದ್ದು ಆಗಲೇ ಫೋನ್ ಮಾಡುವವರಿದ್ದಾರೆ. ಅಂಥವರ ನಂಬರು, ಸಮಯ ಬರೆದಿಡಿ, ದೂರಿಗೆ ಬೇಕಾಗುತ್ತದೆ. ಇನ್ನು ಕೆಲವು ಸಾಲಗಳನ್ನು ಬ್ಯಾಂಕು ಬೇರೆ ಕಂಪನಿಗೆ ಮಾರಿರುತ್ತದೆ. ಆಗ ಮೊದಲು ಬ್ಯಾಂಕಿನಿಂದ ಅದನ್ನು ಲಿಖಿತವಾಗಿ ಖಚಿತ ಮಾಡಿಕೊಂಡು, ಈಗ ಸಾಲ ಯಾರ ಹೆಸರಲ್ಲಿದೆಯೋ ಅವರಿಗೇ ಕಟ್ಟಿ, ಅವರಿಂದಲೇ ಬೇಬಾಕಿ ಪತ್ರ ಪಡೆಯಬೇಕು.

ಬೇಬಾಕಿ ಪತ್ರ ಕೈಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಒಂದೆರಡು ತಿಂಗಳು ಬಿಟ್ಟು ಮತ್ತೆ ವರದಿ ನೋಡಿ. ಬದಲಾಗಿರದಿದ್ದರೆ ಆ ಪತ್ರ ಇಟ್ಟು ತಕರಾರು ಹಾಕಿ. ಈಗ ವರದಿ ತಪ್ಪಾಗಿದೆ, ಆದ್ದರಿಂದ ಸರಿಪಡಿಸುವುದು ಅವರ ಹೊಣೆ.

ಒಕ್ಕೂಟಕ್ಕೂ ಒಂದು ಮಾತು. ವಿಮೆ ಕ್ಲೇಮಿನ ಕಡತದಲ್ಲಿ ಮರಣೋತ್ತರ ವರದಿ, ಕಿವಿಯೋಲೆ, ಫೋಟೊ ಎಲ್ಲ ಕೇಳುತ್ತೇವೆ. ಹಣ ಜಮಾ ಆದ ಮೇಲೆ ಸಾಲದ ಖಾತೆಯಲ್ಲಿ ಎಷ್ಟು ಉಳಿಯಿತು ಎಂದು ಉತ್ಪಾದಕರಿಗೆ ಹೇಳುವವರು ಯಾರೂ ಇಲ್ಲ. ಸಂಘದ ಕಾರ್ಯದರ್ಶಿ ಆ ಲೆಕ್ಕ ತರಿಸಿ ಸದಸ್ಯರ ಕೈಗೆ ಕೊಟ್ಟ ಮೇಲೆಯೇ ಕಡತ ಮುಚ್ಚುವ ಪದ್ಧತಿ ಬರಬೇಕು. ಬಂಜೆತನ ಶಿಬಿರಕ್ಕೆ ಹೇಗಿದ್ದರೂ ಇಡೀ ಊರು ಸೇರುತ್ತದೆ, ಅಂದೇ ಒಂದು ಮೇಜು ಹಾಕಿ ಸದಸ್ಯರ ವರದಿ ತೆಗೆದುಕೊಡಬಹುದು. ಒಂದು ಫೋನು, ಓದಿದ ಒಬ್ಬ ಹುಡುಗ ಸಾಕು. ಒಟಿಪಿ ಮಾತ್ರ ಸದಸ್ಯರೇ ಹಾಕಬೇಕು.

ನಾನಂತೂ ಈಗ ಮರಣೋತ್ತರ ವರದಿ ಕೊಡುವಾಗ ಅದರ ಜೊತೆಗೆ ಒಂದು ಚೀಟಿ ಕೊಡುತ್ತೇನೆ: "ವಿಮೆ ಹಣ ಬಂದ ವಾರವೇ ಬ್ಯಾಂಕಿಗೆ ಹೋಗಿ ಬಾಕಿ ಕೇಳಿ, ಬೇಬಾಕಿ ಪತ್ರ ತನ್ನಿ." ಸಾಲ ತೀರಿತು ಬಿಡಿ ಎನ್ನುವ ಮಾತನ್ನು ನಿಲ್ಲಿಸಿದ್ದೇನೆ.