ಸೀಟು ಸಿಕ್ಕಿತು, ಮುಂದಿನ ತಿಂಗಳುಗಳು ಯಾರ ಹೊಣೆ?

ದ್ವಿತೀಯ ಪಿಯು ಪರೀಕ್ಷೆ ಮಾರ್ಚ್‌ನಲ್ಲೇ ಮುಗಿಯುತ್ತದೆ. ಎಂಜಿನಿಯರಿಂಗ್ ತರಗತಿಗಳು ಸರಿಯಾಗಿ ಶುರುವಾಗುವ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತದೆ. 2025ರಲ್ಲಿ ಸಿಇಟಿ ಏಪ್ರಿಲ್ 16 ಮತ್ತು 17ರಂದು ನಡೆಯಿತು, ಫಲಿತಾಂಶ ಮೇ 24ಕ್ಕೆ ಬಂತು. ಆಮೇಲೆ ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಹೀಗೆ ಐದಾರು ತಿಂಗಳು ಶಾಲೆಯ ಲೆಕ್ಕಕ್ಕೂ ಸೇರದೆ, ಕಾಲೇಜಿನ ಲೆಕ್ಕಕ್ಕೂ ಸೇರದೆ ಕಳೆದುಹೋಗುತ್ತವೆ.

ಓದಿದವರ ಮನೆಯಲ್ಲಿ ಈ ಅವಧಿ ಖಾಲಿ ಇರುವುದಿಲ್ಲ. ಅಣ್ಣನೋ ಅಕ್ಕನೋ ಅದೇ ದಾರಿಯಲ್ಲಿ ಹೋಗಿರುತ್ತಾರೆ, ಯಾವ ಪುಸ್ತಕ ತಿರುವಿಹಾಕಬೇಕು, ಯಾವ ಹಾಸ್ಟೆಲ್ ಸರಿ ಎಂದು ಹೇಳುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಹೊರಟವರಿಗೆ ಇದು ಬರೀ ಕಾಯುವ ಕಾಲ. ಹೆಚ್ಚುಕಡಿಮೆ ಒಂದೇ ರ‍್ಯಾಂಕ್ ಪಡೆದ ಇಬ್ಬರು ಸೆಪ್ಟೆಂಬರಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗ ಒಬ್ಬರು ಆಗಲೇ ಮುಂದೆ ಹೋಗಿರುತ್ತಾರೆ. ಈ ಅಂತರ ಪ್ರತಿಭೆಯದ್ದಲ್ಲ. ಆ ತಿಂಗಳುಗಳಲ್ಲಿ ಜೊತೆಗೆ ಯಾರಿದ್ದರು ಎಂಬುದರದ್ದು.

ಮೊದಲ ಪೆಟ್ಟು ಬೀಳುವುದು ಕಾಗದಪತ್ರದಲ್ಲಿ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಹೆಸರಿನ ಹಿಂದೆ ತಂದೆಯ ಪೂರ್ಣ ಹೆಸರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದೇ ಕಾಗುಣಿತ. ಊರಲ್ಲಿದ್ದಾಗ ಇದು ಯಾರಿಗೂ ತೊಡಕಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಸೈಬರ್ ಸೆಂಟರಿನಲ್ಲಿ ಕೂತಾಗ ಹೆಸರು ಹೊಂದುವುದಿಲ್ಲ ಎಂಬ ಸಂದೇಶ ಬರುತ್ತದೆ. ಹೆಸರು ಹೊಂದಿದರೂ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿರದಿದ್ದರೆ ಮಂಜೂರಾದ ಹಣ ಜಮೆಯಾಗುವುದಿಲ್ಲ. ಆಗ ಪರವೂರಿನ ಕಾಲೇಜಿನಿಂದ ರಜೆ ಹಾಕಿ ಬಂದು, ಬ್ಯಾಂಕು, ನಾಡಕಚೇರಿ, ಆಧಾರ್ ಕೇಂದ್ರಗಳ ನಡುವೆ ಅಲೆಯಬೇಕು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಸಿಗುವ ನೆರವು ಸಣ್ಣದೆಂದು ಕಾಣಬಹುದು. ಹೊಲದ ಕೂಲಿಯಿಂದ ಮಗಳನ್ನು ಓದಿಸುವ ಮನೆಗೆ ಅದು ಊಟದ ದುಡ್ಡು. ಏಪ್ರಿಲ್, ಮೇ ತಿಂಗಳಲ್ಲಿ ಊರಲ್ಲೇ ಇದ್ದುಕೊಂಡು ಈ ಮೂರು ದಾಖಲೆಗಳ ಹೆಸರನ್ನು ಒಂದೇ ಮಾಡಿಸಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳುವುದಕ್ಕಿಂತ ದೊಡ್ಡ ತಯಾರಿ ಬೇರಿಲ್ಲ.

ಓದಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಸೀಟು ಸಿಕ್ಕ ಸುದ್ದಿ ಹಬ್ಬುತ್ತಿದ್ದಂತೆ ಮನೆಗೆ ಫೋನು ಶುರುವಾಗುತ್ತದೆ: ಕೃತಕ ಬುದ್ಧಿಮತ್ತೆ ಕೋರ್ಸು, ಡೇಟಾ ಸೈನ್ಸ್ ಕೋರ್ಸು, ಕಂತಿನಲ್ಲಿ ಕಟ್ಟಬಹುದು, ಇವತ್ತೇ ಸೇರಿದರೆ ರಿಯಾಯಿತಿ. ಈ ಕೋರ್ಸುಗಳಿಗಾಗಿ ಸಾಲ ಮಾಡಬೇಕಾಗಿಲ್ಲ, ಈಗ ಬೇಕಿರುವ ತಯಾರಿಯೇ ಬೇರೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡಿನಷ್ಟೇ ಕೊಟ್ಟು ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಮಸಿ ತುಂಬುವ ಅಭ್ಯಾಸದಲ್ಲಿ, ಹಂತ ಹಂತವಾಗಿ ಬಿಡಿಸಿ ಬರೆಯುವುದು ಮರೆತುಹೋಗಿರುತ್ತದೆ. ಮೊದಲ ಸೆಮಿಸ್ಟರ್‌ನ ಗಣಿತ ಕೇಳುವುದು ಅದನ್ನೇ. ಪಿಯು ಪುಸ್ತಕದ ಕಲನಶಾಸ್ತ್ರದ ಅಧ್ಯಾಯಗಳನ್ನು ತೆಗೆದು ದಿನಕ್ಕೆ ನಾಲ್ಕು ಲೆಕ್ಕ ಪೂರ್ತಿ ಬರೆದರೆ ಸಾಕು. ಸೂತ್ರ ಎಲ್ಲಿಂದ ಬಂತೆಂದು ತಂಗಿಗೋ ಗೆಳೆಯನಿಗೋ ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು ಪಿಯುವಿನಲ್ಲಿ ಇಂಗ್ಲಿಷ್ ಪುಸ್ತಕ ಓದಿರುತ್ತಾರೆ. ಆದರೆ ಎದ್ದು ನಿಂತು ಇಂಗ್ಲಿಷಿನಲ್ಲಿ ಒಂದು ಸಂದೇಹ ಕೇಳಿರುವುದಿಲ್ಲ. ಅವರಿಗೆ ಬೇಕಿರುವುದು ವ್ಯಾಕರಣದ ಪಾಠವಲ್ಲ, ಆ ಬಾಯಿಬಿಡುವ ರೂಢಿ.

ಕಂಪ್ಯೂಟರಿನ ಮಾತೂ ಅಷ್ಟೇ. ಮೊಬೈಲಿನಲ್ಲಿ ಎಲ್ಲವನ್ನೂ ಮಾಡುವ ಹುಡುಗನಿಗೆ ಕೀಬೋರ್ಡಿನಲ್ಲಿ ಸೆಮಿಕೋಲನ್ ಹುಡುಕಲು, ಫೈಲನ್ನು ಯಾವ ಫೋಲ್ಡರಿನಲ್ಲಿ ಉಳಿಸಿದೆನೆಂದು ನೆನಪಿಟ್ಟುಕೊಳ್ಳಲು ಲ್ಯಾಬ್‌ನಲ್ಲಿ ಅರ್ಧ ಗಂಟೆ ಹೋಗುತ್ತದೆ. ಪಕ್ಕದವರು ಪ್ರೋಗ್ರಾಂ ಮುಗಿಸಿ ತೋರಿಸಿರುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಹಲವೆಡೆ ಕಂಪ್ಯೂಟರ್‌ಗಳಿವೆ. ವಾರಕ್ಕೆ ಮೂರು ಸಂಜೆ ಅಲ್ಲಿ ಕೂತು ಟೈಪಿಂಗ್ ಕಲಿತರೆ ಈ ಸಂಕೋಚ ಮೊದಲೇ ಕಳೆಯುತ್ತದೆ. ಈ ನಡುವೆ ಅಂಗಡಿಯಲ್ಲೋ ತೋಟದಲ್ಲೋ ದುಡಿಯುವವರು ಹೊತ್ತು ಹಾಳುಮಾಡುತ್ತಿದ್ದಾರೆಂದು ನಾನು ಎಂದೂ ಹೇಳಲಾರೆ. ಕೈಯಾರೆ ಗಳಿಸಿದ ದುಡ್ಡಿನ ಲೆಕ್ಕ ಇಡುವವರು ಹಾಸ್ಟೆಲಿನ ಮೊದಲ ತಿಂಗಳನ್ನು ಚೆನ್ನಾಗಿಯೇ ನಿಭಾಯಿಸುತ್ತಾರೆ.

ಆದರೆ ಇಷ್ಟನ್ನೆಲ್ಲ ಹದಿನೆಂಟರ ಮಕ್ಕಳ ತಲೆಗೇ ಕಟ್ಟುವುದು ನ್ಯಾಯವಲ್ಲ. ಅಮೆರಿಕದಲ್ಲಿ ಪ್ರವೇಶ ಖಚಿತವಾಗಿದ್ದರೂ ಬೇಸಿಗೆ ಕಳೆಯುವಷ್ಟರಲ್ಲಿ ಕಾಲೇಜಿಗೆ ಬಾರದೇ ಉಳಿಯುವ ಬಡ ವಿದ್ಯಾರ್ಥಿಗಳ ಬಗ್ಗೆ ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಅಧ್ಯಯನ ಮಾಡಿದರು. ಯಾವ ಅರ್ಜಿ, ಯಾವ ದಿನ ಎಂದು ನೆನಪಿಸುವ ಮೊಬೈಲ್ ಸಂದೇಶಗಳು, ಕಾಲೇಜಿನಲ್ಲಿ ಓದುತ್ತಿರುವ ಹಿರಿಯರ ಸಂಪರ್ಕ, ಇಷ್ಟರಿಂದಲೇ ಕಾಲೇಜು ಸೇರುವವರ ಪ್ರಮಾಣ ಹೆಚ್ಚಾದದ್ದನ್ನು ಅವರು ಕಂಡರು. ಸಂದೇಶಗಳ ವೆಚ್ಚ ಒಬ್ಬ ವಿದ್ಯಾರ್ಥಿಗೆ ಸುಮಾರು 7 ಡಾಲರ್.

ನಮ್ಮಲ್ಲಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಅವರನ್ನು ಕರೆದದ್ದು ಸರ್ಕಾರವೇ. ಕರೆದ ಮೇಲೆ ತರಗತಿ ಶುರುವಾಗುವವರೆಗೆ ಅವರನ್ನು ಮಾತಾಡಿಸುವವರಿಲ್ಲ. ಎಐಸಿಟಿಇ ರೂಪಿಸಿದ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ನಡೆಯುವುದು ಕಾಲೇಜಿಗೆ ಬಂದ ಮೇಲೆ, ಕೊನೆಯ ಸುತ್ತಿನಲ್ಲಿ ಸೀಟು ಪಡೆದವರಿಗೆ ಅದೂ ತಪ್ಪಿಹೋಗುತ್ತದೆ. ಅರ್ಜಿ ಹಾಕಿದ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಬಳಿ ಇದೆ. ದಾಖಲೆ ಸರಿಪಡಿಸಿಕೊಳ್ಳುವ ಸೂಚನೆಯನ್ನು ಫಲಿತಾಂಶದ ದಿನವೇ ಕನ್ನಡದಲ್ಲಿ ಅದಕ್ಕೆ ಕಳಿಸಬಹುದು. ಸೀಟು ಖಚಿತವಾದ ವಾರವೇ ಅದೇ ಜಿಲ್ಲೆಯಿಂದ ಬಂದ ಎರಡನೇ ವರ್ಷದ ವಿದ್ಯಾರ್ಥಿಯಿಂದ ಒಂದು ಕರೆ ಮಾಡಿಸುವುದನ್ನು ಕಾಲೇಜುಗಳಿಗೆ ಕಡ್ಡಾಯ ಮಾಡಬೇಕು. ವಿದ್ಯಾರ್ಥಿನಿಯರಿಗೆ ಆ ಕರೆ ಹಿರಿಯ ವಿದ್ಯಾರ್ಥಿನಿಯಿಂದಲೇ ಹೋಗಬೇಕು, ಹಾಸ್ಟೆಲ್, ಬಸ್ಸು, ಖರ್ಚಿನ ಬಗ್ಗೆ ಅಪ್ಪ-ಅಮ್ಮನ ಜೊತೆಗೂ ಆಕೆ ಮಾತಾಡಬೇಕು. ಮಗಳನ್ನು ಕಳಿಸುವುದೋ ಬೇಡವೋ ಎಂದು ಬಹಳ ಮನೆಗಳಲ್ಲಿ ತೀರ್ಮಾನವಾಗುವುದು ಆ ವಾರದಲ್ಲೇ.