ಹೂವು, ಕಾಯಿ, ಕಾರ್ಡು: ಯಾರನ್ನು ಏನು ಕೇಳಬೇಕು?

ಮುಂದಕ್ಕೂ ಹೋಗಲಾಗದ, ಹಿಂದಕ್ಕೂ ಬರಲಾಗದ ಸ್ಥಿತಿಯೊಂದು ಬದುಕಿನಲ್ಲಿ ಒಮ್ಮೊಮ್ಮೆ ಒದಗುತ್ತದೆ. ನನಗೆ ಅದು ಒದಗಿದ್ದು 52ನೆಯ ವಯಸ್ಸಿನಲ್ಲಿ. ಬೆಂಗಳೂರಿನಲ್ಲಿ 24 ವರ್ಷ ದುಡಿದಿದ್ದ ಖಾಸಗಿ ಸಂಸ್ಥೆ, ನನ್ನ ಹುದ್ದೆಯ ಅಗತ್ಯ ಇನ್ನಿಲ್ಲವೆಂದು ಸೌಜನ್ಯದಿಂದಲೇ ತಿಳಿಸಿತು. ಅದಕ್ಕೆ ವರ್ಷದ ಹಿಂದೆ ಅಪ್ಪ ತೀರಿಕೊಂಡಿದ್ದರು. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಉಳಿದಿದ್ದುದು ಮೂರು ಎಕರೆ ಮಳೆಯಾಶ್ರಿತ ಭೂಮಿ, ಹಳೆಯ ಮನೆ ಮತ್ತು ಅವ್ವ. ಜಮೀನಿಗೆ ಹೊರಗಿನವರೊಬ್ಬರು ಬೆಲೆ ಕಟ್ಟಿದ್ದರು. ಮಾರಬೇಕೇ, ಬೇಡವೇ? ಕೆಲಸ ಹೋದ ಮೇಲಿನ ಎಂಟು ತಿಂಗಳು ಈ ಪ್ರಶ್ನೆಯ ಎದುರು ನಾನು ಸುಮ್ಮನೆ ಕುಳಿತಿದ್ದೆ. ಕೆಲಸ ಹೋದ ವಿಷಯವನ್ನು ಅವ್ವನಿಗೆ ಹೇಳಿಯೇ ಇರಲಿಲ್ಲ.

ಆ ದಿನಗಳಲ್ಲಿ ಒಂದು ಸಂಜೆ ಅಕ್ಕನ ಮಗಳು ಟ್ಯಾರೋ ಕಾರ್ಡುಗಳ ಕಟ್ಟನ್ನು ಮುಂದಿಟ್ಟು, ‘ಮಾವ, ಒಂದು ಎಳೀರಿ’ ಎಂದಳು. ಎಳೆದೆ. ಕಣ್ಣಿಗೆ ಬಟ್ಟೆ ಕಟ್ಟಿದ, ಮೈಯನ್ನು ಬಿಗಿದ ಒಬ್ಬ ಹೆಂಗಸು. ಅವಳ ಸುತ್ತ ನೆಲಕ್ಕೆ ನೆಟ್ಟ ಎಂಟು ಕತ್ತಿಗಳು. ಪುಸ್ತಕ ನೋಡಿ ಅರ್ಥ ಹೇಳಬಹುದೆಂದು ಕಾದೆ. ಅವಳು ಹೇಳಲಿಲ್ಲ, ‘ಚಿತ್ರದಲ್ಲಿ ಏನು ಕಾಣ್ತಿದೆ, ನೀವೇ ಹೇಳಿ’ ಎಂದಳು. ನಾನು ನೋಡುತ್ತ ಹೋದೆ. ಬಹಳ ಹೊತ್ತಿನ ಮೇಲೆ, ‘ಇವಳ ಕಾಲು ಕಟ್ಟಿಲ್ಲವಲ್ಲ’ ಎಂದೆ. ಹಾಗೆಂದ ಮೇಲೆ ನನಗೆ ಮಾತು ಮುಂದುವರಿಸಲಾಗಲಿಲ್ಲ.

ವಿಚಾರವಾದದ ಗಾಳಿಯಲ್ಲಿ ಓದಿ ಬೆಳೆದ ನನ್ನಂಥವರಿಗೆ ಇದನ್ನು ಬರೆಯುವುದು ಸಂಕೋಚದ ವಿಷಯ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ನಮ್ಮ ಪೀಳಿಗೆಗೆ ಕಲಿಸಿದ್ದು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು. ಆದ್ದರಿಂದ ಮೊದಲು ಕಾರ್ಡನ್ನೇ ಪ್ರಶ್ನಿಸಿದೆ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಬರಿಯ ಆಟದ ಎಲೆಗಳಾಗಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಪ್ರೋತ್ಸಾಹಿಸಿದ ಮೈಸೂರಿನ ಗಂಜೀಫಾದಂತೆ ಅದೂ ಕಾಲಕ್ಷೇಪದ ಸಾಮಗ್ರಿಯೇ. ಅದರಲ್ಲಿ ಪ್ರಾಚೀನ ಈಜಿಪ್ಟಿನ ಜ್ಞಾನ ಅಡಗಿದೆಯೆಂದು ಫ್ರಾನ್ಸಿನ ಕೂರ್ ದ ಜೆಬೆಲಿನ್ ಯಾವ ಆಧಾರವೂ ಇಲ್ಲದೆ ಬರೆದದ್ದು 1781ರಲ್ಲಿ. ಭವಿಷ್ಯ ಹೇಳುವ ವೃತ್ತಿ ಬೆಳೆದದ್ದು ಆ ಬಳಿಕ. ಇಂದು ಎಲ್ಲೆಡೆ ಕಾಣುವ 78 ಎಲೆಗಳ ಪ್ರಸಿದ್ಧ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಭವಿಷ್ಯ ಬಲ್ಲ ಶಕ್ತಿ ಇದರಲ್ಲಿ ಎಲ್ಲಿಂದ ಬರಬೇಕು?

ಹಾಗಾದರೆ ಕಾರ್ಡು ನಮಗೆಂದೇ ಬರೆದಂತೆ ತೋರುವುದೇಕೆ? ಅಮೆರಿಕದ ಮನೋವಿಜ್ಞಾನಿ ಬರ್ಟ್ರಂ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ ‘ನಿನ್ನ ಸ್ವಭಾವ ಇದು’ ಎಂಬ ವಿವರಣೆಯನ್ನು ಹಂಚಿದ. ಅದು ಎಷ್ಟು ಸರಿಯೆಂದು ಐದರಲ್ಲಿ ಅಂಕ ಕೊಡಿರೆಂದಾಗ ಬಂದ ಸರಾಸರಿ 4.26. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ! ಅರ್ಥವನ್ನು ತುಂಬುವವರು ನಾವೇ. ಟ್ಯಾರೋದ ಬಗ್ಗೆ ಇದಕ್ಕಿಂತ ದೊಡ್ಡ ಟೀಕೆ ಇಲ್ಲ. ಆದರೆ ನನಗೆ ಅದರ ಪ್ರಯೋಜನವಾದದ್ದೂ ಇದೇ ಕಾರಣಕ್ಕೆ. ಕಾಲು ಕಟ್ಟಿಲ್ಲವೆಂದದ್ದು ಕಾರ್ಡಲ್ಲ, ನಾನು. ಎಂಟು ತಿಂಗಳು ನನ್ನೊಳಗೇ ಹೇಳಿಕೊಳ್ಳದ ಮಾತನ್ನು ಒಂದು ಚಿತ್ರದ ನೆಪದಲ್ಲಿ ಹೇಳಿದ್ದೆ.

ಮುಂದಿನ ವಾರ ಊರಿಗೆ ಹೋದಾಗ ಅವ್ವ, ‘ಜಮೀನಿನ ವಿಚಾರ ದೇವ್ರನ್ನೇ ಕೇಳಮ’ ಎಂದಳು. ನಮ್ಮ ಸೀಮೆಯಲ್ಲಿ ಪ್ರಸಾದ ಕೇಳುವುದೆಂದರೆ ಇಷ್ಟೇ: ದೇವರಿಗೆ ಮುಡಿಸಿದ ಹೂವು ಬಲಕ್ಕೆ ಉದುರಿದರೆ ಒಪ್ಪಿಗೆ, ಎಡಕ್ಕೆ ಉದುರಿದರೆ ಇಲ್ಲ. ಮದುವೆ, ಮನೆ, ಪ್ರಯಾಣ ಎಲ್ಲಕ್ಕೂ ಈ ಕೇಳಿಕೆ ಉಂಟು. ಗುಡಿಯಲ್ಲಿ ಪೂಜಾರಿ, ‘ಏನ ಕೇಳ್ತಿದ್ದೀರಿ, ಬುಡಿಸಿ ಹೇಳಿ’ ಎಂದರು. ಬಿಡಿಸಿ ಹೇಳಲು ಹೊರಟಾಗಲೇ ತಿಳಿದದ್ದು, ನನ್ನ ಪ್ರಶ್ನೆಯೇ ನನಗೆ ಸ್ಪಷ್ಟವಿಲ್ಲವೆಂದು. ಕಡೆಗೆ, ‘ಜಮೀನು ಮಾರಬಹುದೇ’ ಎಂದೆ. ಬಹಳ ಹೊತ್ತು ಕಾದ ಮೇಲೆ ಹೂವು ಬಿತ್ತು, ಬಲಕ್ಕೆ. ಅವ್ವ ಕೈ ಮುಗಿದು ನನ್ನ ಕಡೆ ತಿರುಗಿದಳು. ‘ಬಲಕ್ಕೇ ಬಂತಲ್ಲ ಮಗ, ಮೊಕ ಯಾಕ ಹಂಗ ಮಾಡ್ಕಂಡಿದ್ದೈ?’

ಅಂದು ರಾತ್ರಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಹೋದದ್ದು, ಜಮೀನಿನ ಹಣದಿಂದ ಆ ಸೋಲನ್ನು ಮುಚ್ಚಿಬಿಡುವ ಯೋಚನೆ ಇದ್ದದ್ದು, ಮಾರಲು ಮನಸ್ಸಿಲ್ಲದಿರುವುದು. ಅವ್ವ ಅಚ್ಚರಿಪಡಲಿಲ್ಲ. ‘ವಾರದ ನಡುವ ಬಂದು ಮೂರ್ ಮೂರ್ ದಿನ ಕುಂತಿದ್ರ ನಂಗ ಗೊತ್ತಾಗದಿಲ್ವಾ? ನೀನೇ ಹೇಳ್ಲಿ ಅಂತ ಸುಮ್ನಿದ್ದಿ’ ಎಂದಳು. ನನ್ನನ್ನು ಕಟ್ಟಿಹಾಕಿದ್ದು ಜಮೀನಾಗಿರಲಿಲ್ಲ, ಈ ಮೌನವಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಹೂವಿನ, ಕಾರ್ಡಿನ ಮಹಿಮೆಯ ಕಥೆಯಾದೀತು. ನಮ್ಮ ಮನೆಯಲ್ಲೇ ಇದರ ಇನ್ನೊಂದು ಮುಖವಿದೆ. ಕೊಳವೆಬಾವಿ ಕೊರೆಸುವ ಮೊದಲು ಅಪ್ಪ ತೆಂಗಿನಕಾಯಿ ಹಿಡಿಯುವವರನ್ನು ಕರೆಸುತ್ತಿದ್ದರು. ಅಂಗೈ ಮೇಲೆ ಮಲಗಿಸಿದ ಕಾಯಿ ಎಲ್ಲಿ ಎದ್ದು ನಿಲ್ಲುವುದೋ ಅಲ್ಲಿ ನೀರು. ಮೂರು ವರ್ಷಗಳಲ್ಲಿ ಮೂರು ಕಡೆ ಕಾಯಿ ನಿಂತಿತು. ಮೂರು ಕಡೆಯೂ ದೂಳೆದ್ದಿತು. ಆ ಸಾಲ ತೀರುವಷ್ಟರಲ್ಲಿ ನನ್ನ ಸಂಬಳದ ಒಂಬತ್ತು ವರ್ಷ ಕಳೆದಿದ್ದವು. ಕಾಯಿ ಹಿಡಿದವರು ಮೋಸಗಾರರೆಂದು ನಾನು ಹೇಳಲಾರೆ. ನಮಗೇ ಅರಿವಿಲ್ಲದಂತೆ ನಮ್ಮ ನಿರೀಕ್ಷೆ ಸ್ನಾಯುಗಳನ್ನು ನವಿರಾಗಿ ಚಲಿಸುವುದನ್ನು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದಾನೆ. ಕಾಯಿ ನುಡಿದದ್ದು ಹಿಡಿದವನ ಮನಸ್ಸನ್ನು. ಅಪ್ಪ ಅದನ್ನು ನೆಲದ ನುಡಿಯೆಂದು ನಂಬಿದರು.

ನನ್ನ ವಾದವೆಲ್ಲ ಈ ಒಂದು ಭೇದದಲ್ಲಿದೆ. ಉತ್ತರ ನಮ್ಮೊಳಗೇ ಇರುವ ಪ್ರಶ್ನೆಗಳುಂಟು: ನನಗೆ ನಿಜವಾಗಿ ಬೇಕಾದುದೇನು, ಯಾವುದಕ್ಕೆ ಹೆದರುತ್ತಿದ್ದೇನೆ, ಯಾರಿಂದ ಏನನ್ನು ಮುಚ್ಚಿಡುತ್ತಿದ್ದೇನೆ? ಇವುಗಳಿಗೆ ಒಂದು ಚಿತ್ರ, ಒಂದು ಹೂವು, ಕೊನೆಗೆ ಮೇಲಕ್ಕೆಸೆದ ನಾಣ್ಯವೂ ಕನ್ನಡಿಯಾದೀತು. ಉತ್ತರ ಹೊರಗಿರುವ ಪ್ರಶ್ನೆಗಳೂ ಉಂಟು: ನೆಲದಡಿ ನೀರಿದೆಯೇ, ಎದೆಯ ಗಂಟು ಎಂಥದು, ಮುಂದಿನ ವರ್ಷ ಅರಿಶಿನದ ಬೆಲೆ ಏನು? ಇವನ್ನು ಕನ್ನಡಿಯೆದುರು ಹಿಡಿದರೆ ಕಾಣುವುದು ನಮ್ಮ ಆಸೆಯ ಮುಖವೇ. ಮನೆಯೊಂದೇ ಅಲ್ಲ, ಇಡೀ ಜಿಲ್ಲೆ ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ. ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆಂಬ ನಂಬಿಕೆಯಿಂದ ಎಷ್ಟೋ ಮುಖ್ಯಮಂತ್ರಿಗಳು ನಮ್ಮ ಜಿಲ್ಲಾ ಕೇಂದ್ರದಿಂದ ದೂರ ಉಳಿದರು. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, 2018ರವರೆಗೆ ಪೂರ್ಣಾವಧಿ ಮುಗಿಸಿದರು. ಊರು ಯಾರ ಅಧಿಕಾರವನ್ನೂ ತಿಂದಿರಲಿಲ್ಲ. ತಿಂದದ್ದು ನಂಬಿಕೆ, ಅದೂ ಊರಿನ ಪಾಲನ್ನು.

ಇನ್ನೆರಡು ಎಚ್ಚರಿಕೆಗಳು ಅಗತ್ಯ. ಕನ್ನಡಿ ಹಿಡಿದವರು ‘ನಿಮಗೆ ಗಂಡಾಂತರವಿದೆ, ಪರಿಹಾರಕ್ಕೆ ಇಷ್ಟು ಖರ್ಚಾಗುತ್ತದೆ’ ಎಂದ ಕ್ಷಣ ಎದ್ದು ಬರಬೇಕು. ಅಲ್ಲಿ ನಡೆಯುವುದು ಭಯದ ವ್ಯಾಪಾರ. ಹವಾನಿಯಂತ್ರಿತ ಕೊಠಡಿಯಲ್ಲಿ ಇಂಗ್ಲಿಷಿನಲ್ಲಿ ನಡೆದರೂ ಅದರ ಜಾತಿ ಬದಲಾಗುವುದಿಲ್ಲ. ಎರಡನೆಯದಾಗಿ, ದಾರಿ ತೋಚದಿರುವುದು ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆ, ಹಸಿವು ಇಲ್ಲವಾಗಿ ಬದುಕೇ ಬೇಡವೆನಿಸುತ್ತಿದ್ದರೆ ಅದು ಕಾರ್ಡನ್ನು ಕೇಳುವ ಹೊತ್ತಲ್ಲ, ವೈದ್ಯರನ್ನು ಕಾಣುವ ಹೊತ್ತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಜಮೀನನ್ನು ನಾವು ಮಾರಲಿಲ್ಲ. ನಾಲ್ಕನೆಯ ಕೊಳವೆಬಾವಿಯ ಮಾತು ಬಂದಾಗ ಈ ಬಾರಿ ಭೂವಿಜ್ಞಾನಿಯನ್ನು ಕರೆಸಿದೆವು. ಉಪಕರಣಗಳಿಂದ ನೆಲದ ವಿದ್ಯುತ್ ರೋಧವನ್ನು ಅಳೆದು, ‘ಇಲ್ಲಿ ಭರವಸೆ ಕಡಿಮೆ, ಹಣ ಹಾಕಬೇಡಿ’ ಎಂದರು. ಮನಸ್ಸಿಗೆ ಹಿತವಾದ ಉತ್ತರವಲ್ಲ, ಆದರೆ ನೆಲದ ಬಗೆಗಿನ ಉತ್ತರ. ಈಗ ಮಳೆ ನಂಬಿ ಜೋಳ, ಹುರುಳಿ ಹಾಕುತ್ತೇವೆ. ತಿಂಗಳಲ್ಲಿ ಹತ್ತು ದಿನ ನಾನು ಊರಿನಲ್ಲಿರುತ್ತೇನೆ, ಉಳಿದ ದಿನ ಬೆಂಗಳೂರಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತೇನೆ. ಆದಾಯ ಅರ್ಧಕ್ಕಿಂತ ಕಡಿಮೆಯಾಗಿದೆ. ದೇವರು ಬಲಕ್ಕೆ ಕೊಟ್ಟರೂ ಮಾರದಿದ್ದದ್ದಕ್ಕೆ ದೋಷ ತಟ್ಟದೇ ಎಂದು ನಾನೊಮ್ಮೆ ಅವ್ವನನ್ನು ಕೇಳಿದೆ. ಜೋಳ ಕೇರುತ್ತಿದ್ದವಳು ಮೊರ ನಿಲ್ಲಿಸದೆ ಹೇಳಿದಳು: ‘ಮಾರಬೌದು ಅಂದ ದೇವ್ರು. ಮಾರ್ಲೇಬೇಕು ಅಂದಿಲ್ವಲ್ಲ ಮಗ.’